ಔಷಧದ ಬಿಡುವು

ಕಬ್ಬೂರ
14 ಜುಲೈ 2025

ಅಕ್ಕಾ,

ಪತ್ರದ ಮೊದಲ ಸಾಲಿನಲ್ಲಿ ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಬರೆಯಬೇಕೆಂದು ಎಂಟನೆಯ ಇಯತ್ತೆಯಲ್ಲಿ ಕಲಿಸಿದ್ದರು. ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನೀನು ಮೊಬೈಲು ತ್ಯಾಗ ಮಾಡಿ ವರ್ಷವಾಯಿತು. ಚಾತುರ್ಮಾಸ ಮುಗಿಯುವವರೆಗೆ ಕೊಗನೊಳ್ಳಿಯ ಎಲ್ಲೆ ದಾಟುವುದಿಲ್ಲವೆಂದು ಈಗ ನಿಯಮ ಬೇರೆ ತೆಗೆದುಕೊಂಡಿದ್ದೀಯಂತೆ, ಕಾಕಾ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಮಾತಾಜಿಯವರ ಸಂಘದಲ್ಲಿ ಎಲ್ಲರೂ ನಿನ್ನನ್ನು ಬ್ರಾಹ್ಮಿ ದೀದಿ ಎನ್ನುತ್ತಾರೆ. ನಾನು ಅಕ್ಕ ಎಂದೇ ಬರೆಯುವೆ, ಸಿಟ್ಟಾಗಬೇಡ.

ನಾನು ನಿಪ್ಪಾಣಿಯ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಮನೆಗೆ ಬಂದಿದ್ದೇನೆ. ಬಿಟ್ಟೆ ಎನ್ನುವುದು ಸರಿಯಲ್ಲ, ಕಾಕಾ ಬಂದು ಕರೆದುಕೊಂಡು ಬಂದ. ಅವ್ವ ಬಸದಿಯಿಂದ ಮನೆಗೆ ಬರುವ ದಾರಿ ತಪ್ಪಿ, ಎಪಿಎಂಸಿ ಗೇಟಿನ ಹತ್ತಿರ ಚಪ್ಪಲಿ ಇಲ್ಲದೆ ನಿಂತಿದ್ದಳಂತೆ. ಇಪ್ಪತ್ತಾರು ವರ್ಷ ದಿನಕ್ಕೆರಡು ಬಾರಿ ನಡೆದ ದಾರಿ ಅದು. ಕಾಕು ಎಲ್ಲರಿಗೂ “ಬಿಸಲಿಗಿ ತಲಿ ತಿರಗೇತಿ” ಎಂದು ಹೇಳಿ ಮುಗಿಸಿದಳು. ಆ ದಿನ ಮೋಡ ಇತ್ತು ಎಂದು ನಾನು ಹೇಳಿದ್ದಕ್ಕೆ, “ನಿನಗೊಂದು ಎದರುಮಾತ ಬೇಕಾ” ಎಂದಳು.

ಅವ್ವನಿಗೆ ರೊಟ್ಟಿ ಬಡಿಯಲು ಬರುತ್ತಿಲ್ಲ, ಅಂಚು ಹರಿಯುತ್ತದೆ. ಜಪಕ್ಕೆ ಕುಳಿತರೆ ನೂರೆಂಟರ ಎಣಿಕೆ ನಡುವೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ, ಬಸದಿಯಲ್ಲೇ ಮಧ್ಯಾಹ್ನವಾಗುತ್ತದೆ. ನೋಡಿದವರು ‘ಎಂಥಾ ಭಕ್ತಿ’ ಎನ್ನುತ್ತಾರೆ. ನಡೆಯುವಾಗ ಎಡಗಾಲು ನೆಲಕ್ಕೆ ಅಂಟಿದಂತೆ ಎಳೆಯುತ್ತಾಳೆ. ಅವಳಿಗೆ ಇನ್ನೂ ನಲ್ವತ್ತೇಳು.

ಇದಕ್ಕೊಂದು ಕಾರಣವಿದೆ. ನಿನಗೆ ಹೇಳಬಾರದೆಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಕಾರಣ ಗೊತ್ತಿಲ್ಲ ಎಂದು ಸುಳ್ಳು ಬರೆಯಲಾರೆ. ಗೊತ್ತಿದೆ, ಹೇಳುತ್ತಿಲ್ಲ.

ಒಂದು ದಿನದ ಮಟ್ಟಿಗೆ ಬರಲು ಆಗುತ್ತದೆಯೇ?

ನಿನ್ನ ತಂಗಿ
ತ್ರಿಶಲಾ


ಕೊಗನೊಳ್ಳಿ
25 ಜುಲೈ 2025

ತ್ರಿಶಲಾ,

ಜೈ ಜಿನೇಂದ್ರ. ನಿಯಮ ಮುರಿದು ಬರಲಾಗದು, ನಿನಗೂ ಗೊತ್ತು. ಡಿಸೆಂಬರಿನಲ್ಲಿ ನನ್ನ ದೀಕ್ಷೆ ಎಂದು ಮಾತಾಜಿಯವರು ಹೇಳಿದ್ದಾರೆ. ಅಲ್ಲಿಯವರೆಗೆ ಮನಸ್ಸನ್ನು ಮನೆಯ ಕಡೆಗೆ ಹರಿಯಬಿಡಬಾರದು.

ಅವ್ವನ ಬಗ್ಗೆ ಹೆದರಬೇಡ. ಎರಡು ವರ್ಷದಿಂದ ಅಷ್ಟಮಿ, ಚತುರ್ದಶಿಗೆ ನೀರೂ ಮುಟ್ಟದೆ ಉಪವಾಸ ಮಾಡುತ್ತಿರುವ ಜೀವ ಅದು. ದೇಹ ಸೊರಗುವುದು ಸಹಜ. ಆ ನಿಯಮ ತೆಗೆದುಕೊಂಡ ದಿನ ನಾನೇ ಅವಳ ಪಕ್ಕದಲ್ಲಿ ಕುಳಿತಿದ್ದೆ. ಇವತ್ತಿಗೂ ಇಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತೇನೆ.

ರಾತ್ರಿ ನೆನೆಸಿದ ಬಾದಾಮಿ ಬೆಳಗ್ಗೆ ಕೊಡು. ನೀನು ಅವಳಿಗಾಗಿ ಶಾಲೆ ಬಿಟ್ಟವಳು. ನಿನ್ನ ಸೇವೆಯೂ ತಪಸ್ಸೇ.

ಬ್ರಾಹ್ಮಿ


ಕಬ್ಬೂರ
10 ಆಗಸ್ಟ್ 2025

ಅಕ್ಕಾ,

ಮೊದಲು ಒಂದು ತಿದ್ದುಪಡಿ. ನಾನು ಅವ್ವನಿಗಾಗಿ ಶಾಲೆ ಬಿಟ್ಟವಳಲ್ಲ. ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ಹನ್ನೊಂದು ಅಂಕ ಬಂದವು. ಬೆಂಚಿನ ಮೇಲೆ ಕುಳಿತರೆ ಕಾಲಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಬಿಟ್ಟೆ. ಅವ್ವನ ಹೆಸರು ಹೇಳಿದವನು ಕಾಕಾ. ಈಗಲೂ ಅದೇ ಇರುವೆ. ಮುಂಜಾನೆ ನಿಪ್ಪಾಣಿ ಬಸ್ಸು ಹೋಗುವ ಸದ್ದಿಗೆ ನಾನು ಒಲೆಯ ಮುಂದೆ ಎದ್ದು ನಿಂತಿರುತ್ತೇನೆ, ಮತ್ತೆ ಕೂರುತ್ತೇನೆ.

ಎರಡನೆಯದು. ಅವ್ವ ಬಸದಿಗೆ ಒಯ್ಯುವ ಅಕ್ಕಿಯ ಡಬ್ಬಿ ನಿನಗೆ ನೆನಪಿರಬೇಕು, ಹಿತ್ತಾಳೆಯದು. ಶುಕ್ರವಾರ ಅದನ್ನು ತೊಳೆಯಲು ಸುರಿದೆ. ಅಕ್ಕಿಯ ಕೆಳಗೆ ಬಿಳಿ ಗುಳಿಗೆಗಳಿದ್ದವು. ಎಣಿಸಿದೆ, ನೂರಾ ಮೂವತ್ತೊಂದು.

ಆಣೆ ಮುರಿಯುತ್ತೇನೆ. ಪಾಪ ಬಂದರೆ ನನ್ನ ಪಾಲಿಗೆ ಬರಲಿ.

ಅಪ್ಪ ಕಾಮಾಲೆಯಿಂದ ಸಾಯಲಿಲ್ಲ. ಅಪ್ಪನಿಗೆ ಎಚ್‌ಐವಿ ಇತ್ತು. ಅವ್ವನಿಗೂ ಅವನಿಂದ ಬಂತು. ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಪರೀಕ್ಷೆ ಮಾಡಿಸಿದ್ದಾಳೆ, ನಮಗಿಲ್ಲ. ನನಗೆ ಹದಿನಾಲ್ಕಿದ್ದಾಗ ಅವಳ ಆಸ್ಪತ್ರೆಯ ಹಸಿರು ಪುಸ್ತಕ ಓದಿ ತಿಳಿಯಿತು. ‘ಮೊಣಕಾಲಿನ ಮದ್ದು’ ಎಂದು ಹದಿಮೂರು ವರ್ಷದಿಂದ ದಿನಕ್ಕೊಂದರಂತೆ ಅವಳು ನುಂಗುವುದು ಅದರ ಗುಳಿಗೆ. ಚಿಕ್ಕೋಡಿಯಲ್ಲಿ ಯಾರಾದರೂ ನೋಡಿಯಾರು ಎಂದು ಕಾಗವಾಡ ದಾಟಿ ಮೀರಜಿಗೆ ಹೋಗಿ ತರುತ್ತೇವೆ. ಕಾಕಾನಿಗೆ ಗೊತ್ತಿಲ್ಲ. ಕಾಕುವಿಗಂತೂ ಗೊತ್ತಾಗಲೇಬಾರದು ಎನ್ನುತ್ತಾಳೆ. ಯಾಕೆಂದು ಕೇಳಿದ್ದಕ್ಕೆ, “ಗೊತ್ತಾತಂದ್ರ ನನ್ನ ಅಡಗಿ ಚೌಕಾದಾಗ ಬಿಡ್ತಾರೇನ ಬೇ? ತ್ಯಾಗಿಗಳಿಗೆ ಆಹಾರ ಕೊಡೂ ಕೈ ಇವು” ಎಂದು ಎರಡೂ ಕೈ ತೋರಿಸಿದಳು.

ಡಬ್ಬಿ ಮುಂದಿಟ್ಟು ಕೇಳಿದೆ. ಮುಚ್ಚಿಡಲಿಲ್ಲ. “ಉಪಾಸದ ದಿನಾ ನೀರ ಇಲ್ಲ. ನೀರ ಇಲ್ಲದ ಗುಳಿಗಿ ಹ್ಯಾಂಗ ನುಂಗಲಿ?” ಎಂದಳು. ಬಿಸಾಡಲು ಮನಸ್ಸು ಬರಲಿಲ್ಲವಂತೆ, ಸರಕಾರದ್ದು ಎಂದು. ಅಷ್ಟಮಿ, ಚತುರ್ದಶಿ, ಅಷ್ಟಾಹ್ನಿಕ ಹಬ್ಬದ ಎಂಟೆಂಟು ದಿನ, ದಶಲಕ್ಷಣ ಹಬ್ಬದ ಹತ್ತು ದಿನ. ಎರಡು ವರ್ಷ.

ನಿನ್ನೆ ಮೀರಜಿಗೆ ಹೋಗಿದ್ದೆವು. ಡಾಕ್ಟರ್ ಸುಹಾಸ ಅವ್ವನಿಗೆ ಬೆರಳು ಬಡಿಯಲು ಹೇಳಿದರು, ಗೆರೆಯ ಮೇಲೆ ನಡೆಸಿದರು, ಗಡಿಯಾರದ ಚಿತ್ರ ತೆಗೆಸಿದರು. ಅವ್ವ ಹನ್ನೆರಡೂ ಅಂಕಿಗಳನ್ನು ಒಂದೇ ಮಗ್ಗುಲಿಗೆ ತುಂಬಿದಳು.

“ತಾರಾಬಾಯಿ, ಆಜ್ ಕೋಣತಾ ವಾರ?” ಎಂದು ಮರಾಠಿಯಲ್ಲಿ ಇವತ್ತಿನ ವಾರ ಕೇಳಿದರು.

“ತ್ರಯೋದಶಿ” ಎಂದಳು ಅವ್ವ.

“ತಿಥಿ ನಕೋ, ವಾರ ಹೇಳ್ರಿ.”

“ವಾರ ತಗೊಂಡ ಏನ ಮಾಡ್ತೀರಿ? ನಾಳಿ ಚತುರ್ದಶಿ, ಉಪಾಸ. ಲಗೂನ ಬಿಡ್ರಿ.”

ಡಾಕ್ಟರು ನಕ್ಕರು. ನಾನೂ ನಕ್ಕೆ. ಹುಣ್ಣಿಮೆ ಅವತ್ತೇ ಆಗಿತ್ತು ಅಕ್ಕಾ. ಚತುರ್ದಶಿ ಹಿಂದಿನ ದಿನವೇ ಮುಗಿದಿತ್ತು. ಅವ್ವ ತಿಥಿ ತಪ್ಪಿದಳು.

ರಕ್ತ ತೆಗೆದುಕೊಂಡರು. ಅವ್ವನನ್ನು ಮುದುಡಿ ಮಲಗಿಸಿ ಬೆನ್ನಿನಿಂದಲೂ ನೀರು ತೆಗೆದರು. ನಾನು ಅವಳ ತಲೆ ಹಿಡಿದುಕೊಂಡಿದ್ದೆ. ಫಲಿತಾಂಶ ಬರಲು ಸಮಯ ಬೇಕಂತೆ. ಅಲ್ಲಿಯವರೆಗೆ ಒಂದು ದಿನವೂ ಗುಳಿಗೆ ತಪ್ಪಬಾರದು ಎಂದಿದ್ದಾರೆ. ದಶಲಕ್ಷಣಕ್ಕೆ ಹದಿನೆಂಟು ದಿನ ಉಳಿದಿವೆ. ಹತ್ತೂ ದಿನ ಉಪವಾಸ ಎಂದು ಅವ್ವ ಆಗಲೇ ಹೇಳಿಬಿಟ್ಟಿದ್ದಾಳೆ.

ನನ್ನ ಮಾತು ಕೇಳುವುದಿಲ್ಲ. ಡಾಕ್ಟರ ಮಾತೂ ಕೇಳುವುದಿಲ್ಲ. ಮಾತಾಜಿಯವರ ಮಾತು ಕೇಳುತ್ತಾಳೆ. ಅವರನ್ನು ಕೇಳು.

ತ್ರಿಶಲಾ


ಕಬ್ಬೂರ
25 ಆಗಸ್ಟ್ 2025

ಅಕ್ಕಾ,

ನಿನ್ನ ಪತ್ರ ಬರಲಿಲ್ಲ. ಮೂರು ತಾಸಿನ ದಾರಿಗೆ ಅಂಚೆಗೆ ನಾಲ್ಕು ದಿನ ಬೇಕು, ಅದನ್ನೂ ಹಿಡಿದು ಲೆಕ್ಕ ಹಾಕಿದೆ. ಆದರೂ ಬರಲಿಲ್ಲ.

ಗುರುವಾರದಿಂದ ದಶಲಕ್ಷಣ. ಗುಳಿಗೆಯನ್ನು ಪುಡಿ ಮಾಡಿ ಹಿಂದಿನ ದಿನದ ಊಟದಲ್ಲಿ ಬೆರೆಸಿದರೆ ಹೇಗೆ ಎಂದು ಯೋಚಿಸಿದೆ. ಹಿಂದಿನ ದಿನದ್ದು ಮರುದಿನಕ್ಕೆ ಸಾಲದು. ಸಾಲುವಂತಿದ್ದರೂ ಬಹುಶಃ ಮಾಡುತ್ತಿರಲಿಲ್ಲ. ಅವಳ ಬಾಯಿಯಲ್ಲಿ ಏನು ಹೋಗುತ್ತಿದೆ ಎಂಬುದಾದರೂ ಅವಳಿಗೆ ಗೊತ್ತಿರಬೇಕು.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದು ಬರೆಯುವುದಿಲ್ಲ.

ತ್ರಿಶಲಾ


ಕೊಗನೊಳ್ಳಿ
31 ಆಗಸ್ಟ್ 2025

ತ್ರಿಶಲಾ,

ಎರಡೂ ಪತ್ರ ತಲುಪಿವೆ. ಮೊದಲನೆಯದನ್ನು ಹರಿದೆ. ಮತ್ತೆ ಚೂರು ಕೂಡಿಸಿ ಓದಿದೆ. ಮಾತಾಜಿಯವರ ಎದುರು ಮೂರು ಸಲ ಹೋಗಿ ಕುಳಿತೆ, ಕೇಳದೆ ಎದ್ದು ಬಂದೆ. ಇವತ್ತು ದಶಲಕ್ಷಣದ ನಾಲ್ಕನೆಯ ದಿನ, ಉತ್ತಮ ಶೌಚ. ಒಳಗನ್ನು ತೊಳೆಯುವುದರ ಬಗ್ಗೆ ಪ್ರವಚನ ನಾನೇ ಓದಬೇಕಿತ್ತು. ಓದಿದೆ.

ಬ್ರಾಹ್ಮಿ


ಕಬ್ಬೂರ
9 ಸೆಪ್ಟೆಂಬರ್ 2025

ಅಕ್ಕಾ,

ಹತ್ತೂ ದಿನ ಮಾಡಿದಳು. ಹತ್ತನೆಯ ದಿನ ಬಸದಿಯ ಮೆಟ್ಟಿಲ ಮೇಲೆ ಬಿದ್ದಳು. ಹಲ್ಲು ಮುರಿದಿಲ್ಲ, ಕೈ ಮುರಿದಿಲ್ಲ, ತುಟಿ ಒಡೆದಿದೆ. ಜನ ಎತ್ತಿ ಕೂರಿಸಿ, ಹೂವಿನ ಹಾರ ಹಾಕಿ, ಅವಳನ್ನು ಎತ್ತಿನ ಗಾಡಿಯಲ್ಲಿ ಬಾಜಾ ಬಜಂತ್ರಿಯೊಂದಿಗೆ ಮನೆಗೆ ಕರೆತಂದರು. “ವೈನಿ, ನಮ್ಮ ಮನಿ ಹೆಸರ ಉಳಿಸಿದಿ” ಎಂದು ಕಾಕಾ ಅತ್ತ. ನಾನು ಗಾಡಿಯ ಹಿಂದೆ ನಡೆದೆ. ಅವ್ವ ನನ್ನನ್ನು ನೋಡಿ, “ಯಾರ ಮದವಿ ಐತಿ?” ಎಂದು ಕೇಳಿದಳು.

ಫಲಿತಾಂಶ ಬಂದಿದೆ. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಾಲ್ಕು ಸಲ ಕೇಳಿ ಬರೆದುಕೊಂಡಿದ್ದೇನೆ.

ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಎಣಿಸುವುದಕ್ಕೆ ವೈರಲ್ ಲೋಡ್ ಎನ್ನುತ್ತಾರೆ. ಗುಳಿಗೆ ತಪ್ಪದೆ ತೆಗೆದುಕೊಂಡರೆ ಅದು ಯಂತ್ರಕ್ಕೂ ಕಾಣದಷ್ಟು ಇಳಿಯುತ್ತದೆ. ಅವ್ವನದು ನಿಯಮ ತೆಗೆದುಕೊಳ್ಳುವ ಮೊದಲು ಹಾಗೇ ಇತ್ತು, ಒಂಬತ್ತು ವರ್ಷ. ಈಗ ರಕ್ತದಲ್ಲಿ ಸಾವಿರದ ಎಂಟುನೂರಾ ಅರವತ್ತು. ಬಹಳ ಹೆಚ್ಚೇನಲ್ಲವಂತೆ. ಆದರೆ ಬೆನ್ನಿನ ನೀರಿನಲ್ಲಿ ಮೂವತ್ತೆಂಟು ಸಾವಿರ. ಆ ನೀರೇ ಮಿದುಳಿನ ಸುತ್ತಲೂ ಇರುವುದು.

“ಹೊರಗ ಕಡಿಮಿ, ಒಳಗ ಇಷ್ಟ್ಯಾಕ್ರಿ?” ಎಂದು ಕೇಳಿದೆ.

ಡಾಕ್ಟರು ಹೇಳಿದರು: “ಮಿದುಳಿಗೊಂದು ಗ್ವಾಡಿ ಇರ್ತೈತಿ ನೋಡವಾ. ವೈರಸ್ ಮೊದಲ ಒಳಗ ಹೋಗಿ ಕುಂತಿರ್ತೈತಿ. ಗುಳಿಗಿ ಅಷ್ಟ ಸರಳ ದಾಟೂದಿಲ್ಲ, ಸ್ವಲ್ಪ ಸ್ವಲ್ಪ ಹೋಗ್ತೈತಿ. ದಿನಾ ಕಳಿಸಿದ್ರ ಸಾಲ್ತೈತಿ. ನಡನಡವ ಬಿಟ್ಟಿ ಅಂದ್ರ, ಒಳಗಿಂದು ಬೆಳೀತೈತಿ, ಗುಳಿಗಿಗೆ ಅಂಜೂದನ್ನೂ ಬಿಡ್ತೈತಿ. ರಕ್ತ ನೋಡಿದ್ರ ಏನೂ ಗೊತ್ತಾಗಂಗಿಲ್ಲ.”

ಎಷ್ಟು ಹೆಚ್ಚೋ ಅಷ್ಟು ಮಿದುಳು ಕೆಡುತ್ತದೆಯೇ ಎಂದು ಕೇಳಿದೆ. ಗಣಿತದಂತೆ ಲೆಕ್ಕ ಹಾಕಿ ಹೇಳಲಾಗದು ಎಂದರು. ಮೂವತ್ತೆಂಟು ಸಾವಿರ ಇದ್ದೂ ನೆಟ್ಟಗಿರುವವರಿದ್ದಾರೆ, ಕಡಿಮೆ ಇದ್ದೂ ಕೆಟ್ಟವರಿದ್ದಾರೆ. ಆದರೆ ಒಳಗಿನ ಅಂಕಿ ಇಳಿಸದೆ ಬೇರೆ ದಾರಿ ಇಲ್ಲ. ಇಳಿದರೆ ಕಾಲು, ನೆನಪು ಸ್ವಲ್ಪ ಮರಳಬಹುದು. ಎಲ್ಲ ಮರಳುವುದಿಲ್ಲ. ಗುಳಿಗೆ ಬದಲಿಸಿದ್ದಾರೆ, ಈಗ ದಿನಕ್ಕೆ ಎರಡು ಹೊತ್ತು. ಇನ್ನೂ ನಾಲ್ಕು ತಿಂಗಳು ಹೀಗೇ ತಪ್ಪಿಸಿದರೆ ಇಷ್ಟೂ ಮರಳದು ಎಂದು ಕನ್ನಡಕ ಒರೆಸುತ್ತ ಹೇಳಿದರು.

ಮನೆಗೆ ಬಂದು ಒಂದು ಕೆಲಸ ಮಾಡಿದೆ. ‘ಮಾತಾಜಿ ಔಷಧಕ್ಕೆ ಒಪ್ಪಿದ್ದಾರೆ’ ಎಂದು ನಿನ್ನ ಹೆಸರಿನಲ್ಲಿ ಒಂದು ಪತ್ರ ಬರೆದೆ. ಜೀವನದಲ್ಲಿ ಮೊದಲ ಸುಳ್ಳೇನಲ್ಲ, ಆದರೆ ಬರೆದಿಟ್ಟ ಮೊದಲ ಸುಳ್ಳು. ಅವ್ವನ ಮುಂದೆ ಓದಲು ಕುಳಿತೆ. ಎರಡು ಸಾಲು ಓದಿ, “ಇದು ನಾನs ಬರದದ್ದು ಬೇ” ಎಂದುಬಿಟ್ಟೆ. ಅವಳು, “ನನಗ ಗೊತ್ತಿತ್ತು. ನಿನ್ನ ಕಿವಿ ಕೆಂಪಾಗ್ಯಾವ” ಎಂದಳು. ದಾರಿ ಮರೆತವಳಿಗೆ ನನ್ನ ಕಿವಿ ನೆನಪಿದೆ.

ಈಗ ನಿಜವಾದ ಪತ್ರ ಬಂದರೂ ನಂಬುವುದಿಲ್ಲವಂತೆ. ಮಾತಾಜಿ ಬಾಯಲ್ಲೇ ಕೇಳಬೇಕಂತೆ.

ನಾನು ಅವ್ವನೊಂದಿಗೆ ಇದ್ದೇನೆ, ಅವ್ವ ನಿಯಮದೊಂದಿಗೆ, ನೀನು ಕೊಗನೊಳ್ಳಿಯ ಎಲ್ಲೆಯೊಳಗೆ. ಒಬ್ಬರಾದರೂ ಹೊರಗೆ ಬರಬೇಕಲ್ಲ ಅಕ್ಕಾ.

ತ್ರಿಶಲಾ


ಕೊಗನೊಳ್ಳಿ
19 ಸೆಪ್ಟೆಂಬರ್ 2025

ತ್ರಿಶಲಾ,

ಮಾತಾಜಿಯವರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿಯಮ ಕೊಡುವಾಗ ಔಷಧದ ಬಿಡುವು ಬೇಕೇ ಎಂದು ನಾನು ಕೇಳಿದ್ದೆನಲ್ಲ?”

ಕೇಳಿದ್ದರು. ಎಲ್ಲರನ್ನೂ ಕೇಳುತ್ತಾರೆ. ಕಾಯಿಲೆಯವರಿಗೆ, ಮುದುಕರಿಗೆ, ಬಸುರಿಯರಿಗೆ ಆ ಬಿಡುವು ಯಾವಾಗಲೂ ಇರುತ್ತದೆ. ಕೈಯೆತ್ತಿ ‘ಬೇಕು’ ಎಂದರಾಯಿತು.

ಆ ದಿನ ನಮ್ಮ ಕಬ್ಬೂರ ಬಸದಿಯ ಮಂಟಪದಲ್ಲಿ ಇನ್ನೂರು ಜನ ಕುಳಿತಿದ್ದರು. ಕಾಕಾ, ಕಾಕು, ಸೋದರಮಾವಂದಿರು, ಎಲ್ಲ. ಮಾತಾಜಿ ಕೇಳಿದಾಗ ಅವ್ವ ತಕ್ಷಣ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿದಳು. ಆ ನೋಟ ಈಗ ಅರ್ಥವಾಗುತ್ತಿದೆ. ಆಗ ನಾನು ಸಂಘ ಸೇರಿ ಆರು ತಿಂಗಳು. ನನ್ನ ಅವ್ವ ಹಿಂಜರಿದಳೆಂದು ಜನ ತಿಳಿದಾರು ಎಂದು ನಾಚಿಕೆಯಾಯಿತು. ಎದ್ದು ನಿಂತು ನಾನೇ ಹೇಳಿದೆ: “ನಮ್ಮ ಅವ್ವಗ ಯಾವ ಬ್ಯಾನಿನೂ ಇಲ್ಲರಿ. ಬಿಡುವು ಬ್ಯಾಡ.”

ಜನ ಜಯಕಾರ ಹಾಕಿದರು. ಅವ್ವ ಕೈ ಮುಗಿದಳು.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ, ಇಪ್ಪತ್ತೆಂಟಕ್ಕೆ, ಅವ್ವನನ್ನು ಕರೆದುಕೊಂಡು ಬಾ. ಮಾತಾಜಿ ಮತ್ತೊಮ್ಮೆ ಕೇಳುತ್ತಾರೆ. ಬೇಕಾದರೆ ಒಳಗಿನ ಕೋಣೆಯಲ್ಲಿ, ಯಾರೂ ಇಲ್ಲದಂತೆ ಕೇಳುವೆ ಎಂದಿದ್ದಾರೆ. ಈ ಸಲ ನಾನು ಬಾಯಿ ತೆರೆಯುವುದಿಲ್ಲ.

ಬ್ರಾಹ್ಮಿ


ಕಬ್ಬೂರ
2 ಅಕ್ಟೋಬರ್ 2025

ಅಕ್ಕಾ,

ನೀನು ತಲೆ ತಗ್ಗಿಸಿ ಕುಳಿತಿದ್ದೆ. ನೀನು ನೋಡದೇ ಇದ್ದದ್ದನ್ನು ಬರೆಯುತ್ತೇನೆ.

ಗಾಡಿ ರಿಪೇರಿಗೆ ಬಿಟ್ಟಿದ್ದರೂ ಕಾಕಾ ತಾನೂ ಬಸ್ಸಿಗೆ ಬರುತ್ತೇನೆಂದು ಹೊರಟುಬಿಟ್ಟ. ಬೇಡ ಎನ್ನಲು ಸುಳ್ಳು ಬೇಕಿತ್ತು, ನನ್ನ ಬಳಿ ಇರಲಿಲ್ಲ. ದಾರಿಯುದ್ದಕ್ಕೂ ಅವ್ವ ಕಿಟಕಿಗೆ ತಲೆ ಆನಿಸಿಕೊಂಡು, “ಒಳಗಿನ ಖೋಲಿ ಐತೆಲಾ? ಬಾಗಲಾ ಹಾಕ್ತಾರಲಾ?” ಎಂದು ಹನ್ನೆರಡು ಸಲ ಕೇಳಿದಳು. ಹನ್ನೆರಡು ಸಲ ಹೌದೆಂದೆ.

ಮಂಟಪದಲ್ಲಿ ಮಾತಾಜಿ, “ತಾರಾಬಾಯಿ, ಒಳಗ ಬರ್ರಿ” ಎಂದು ಏಳುತ್ತಿದ್ದರು. ಅವ್ವ ಅಲ್ಲೇ, ನಲ್ವತ್ತು ಜನರ ನಡುವೆ ಕೈಮುಗಿದು ಕುಳಿತೇ ಹೇಳಿದಳು, ಸಂತೆಯಲ್ಲಿ ಬದನೆಕಾಯಿ ಕೇಳುವ ದನಿಯಲ್ಲಿ:

“ನನಗ ಎಚ್‌ಐವಿ ಐತ್ರಿ ಮಾತಾಜಿ. ನಮ್ಮ ಮನಿಯವರಿಂದ ಬಂದದ್ದು. ಎರಡ ಹೊತ್ತ ಗುಳಿಗಿ ಕೊಟ್ಟಾರ. ಬಿಡುವು ಬೇಕ್ರಿ.”

ನಾನು ಅವಳ ಮುಖ ನೋಡಿದೆ. ಭಯವಿಲ್ಲ, ಕಣ್ಣೀರಿಲ್ಲ. ಹದಿಮೂರು ವರ್ಷ ಅಕ್ಕಿಯ ಕೆಳಗೆ ಹುಗಿದಿಟ್ಟ ಮಾತು. ಅದನ್ನು ಹೇಳುವ ಧೈರ್ಯ ಬಂದಿತ್ತೋ, ಅದು ಮುಚ್ಚಿಡಬೇಕಾದದ್ದು ಎಂಬುದೇ ಮರೆತುಹೋಗಿತ್ತೋ, ನನಗೆ ಗೊತ್ತಿಲ್ಲ. ಧೈರ್ಯ ಎಂದು ಬರೆಯಬೇಕೆಂಬ ಆಸೆ ಇದೆ. ಆದರೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅವಳು ನನ್ನ ಕಿವಿಯಲ್ಲಿ ಕೇಳಿದಳು: “ನಿನ್ನ ಕಾಕಾಗ ಗೊತ್ತಾಗಲಿಲ್ಲ ಹೌದಿಲ್ಲೋ?”

“ಗೊತ್ತಾತು ಬೇ” ಎಂದೆ.

ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆಗ ಅತ್ತಳು. ನೀನು ಒಳಗೇ ಇದ್ದೆ.

ಬರುವಾಗ ಚಿಕ್ಕೋಡಿಯವರೆಗೆ ಕಾಕಾ ನಿಂತೇ ಬಂದ, ಅವ್ವನ ಪಕ್ಕದ ಸೀಟು ಖಾಲಿ ಇದ್ದರೂ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಬಂದು ಅವಳ ಪಕ್ಕ ಕುಳಿತ. ನಮ್ಮ ಅಪ್ಪನನ್ನು ಒಂದು ಕೆಟ್ಟ ಬೈಗುಳ ಬೈದ. ಆಮೇಲೆ, “ಮೀರಜಕ ಬಸ್ಸಿನ್ಯಾಗ ಯಾಕ ಹೋಕ್ಕೀರಿ? ನನ್ನ ಗಾಡಿ ಇಲ್ಲೇನು?” ಎಂದ.

ಕಾಕು ಅವ್ವನ ಪಾತ್ರೆ ಬೇರೆ ಮಾಡಿದ್ದಾಳೆ. ಅವ್ವನ ತಂಬಿಗೆಗೆ ಕೆಂಪು ದಾರ ಕಟ್ಟಿದ್ದಾಳೆ. ದಿನಾ ಬಿಚ್ಚುತ್ತೇನೆ, ದಿನಾ ಕಟ್ಟುತ್ತಾಳೆ. ಅದು ಎಂಜಲಿನಿಂದ ಬರುವುದಿಲ್ಲ ಎಂದು ಹೇಳಿ ಸಾಕಾಗಿದೆ. ಚೌಕಾಕ್ಕೆ ಕರೆಯುವುದನ್ನು ಬಿಟ್ಟಿದ್ದಾಳೆ. ಅವ್ವ ಹೆದರಿದ್ದು ಸುಳ್ಳಾಗಲಿಲ್ಲ.

ಮಾತಾಜಿ ಕೊಟ್ಟ ಬಿಡುವಿನಂತೆ ಉಪವಾಸದ ದಿನವೂ ಗುಳಿಗೆ ಶುರುವಾಗಿದೆ. ಬೆಳಗ್ಗೆ ಒಮ್ಮೆ, ಹೊತ್ತು ಮುಳುಗುವ ಮೊದಲು ಒಮ್ಮೆ.

ತ್ರಿಶಲಾ


ಕೊಗನೊಳ್ಳಿ
25 ಅಕ್ಟೋಬರ್ 2025

ತ್ರಿಶಲಾ,

ಚಾತುರ್ಮಾಸ ಮುಗಿಯಿತು. ಎಲ್ಲೆಯ ನಿಯಮವೂ ಮುಗಿಯಿತು. ಸಂಘ ಮುಂದಿನ ತಿಂಗಳು ಹೊರಡುತ್ತದೆ.

ದೀಕ್ಷೆಗೆ ಮನೆಯವರ ಒಪ್ಪಿಗೆ ಬೇಕು. ಅವ್ವನದು, ಕಾಕಾನದು ಮೊದಲೇ ಸಿಕ್ಕಿತ್ತು. ಮಾತಾಜಿ ಈಗ ನಿನ್ನ ಒಪ್ಪಿಗೆ ತರಿಸು ಎಂದಿದ್ದಾರೆ. “ಮನೆಯಲ್ಲಿ ಉಳಿದವಳನ್ನು ಕೇಳದೆ ಹೊರಟವರ ದಾರಿ ತೆರೆಯುವುದಿಲ್ಲ” ಎಂದರು.

ನಾನು ಬೇಡಿಕೊಳ್ಳುವುದಿಲ್ಲ. ಏಳು ವರ್ಷದ ಆಸೆ ಇದು ಎಂಬುದು ನಿನಗೆ ಗೊತ್ತು. ಹೂಂ ಎಂದು ಒಂದು ಅಕ್ಷರ ಬರೆದರೆ ಸಾಕು.

ಬ್ರಾಹ್ಮಿ


ಕಬ್ಬೂರ
6 ನವೆಂಬರ್ 2025

ಅಕ್ಕಾ,

ಮೊನ್ನೆ ಚತುರ್ದಶಿ. ನಮ್ಮ ಮನೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಮೊದಲು ಕೇಳು.

ಸಂಜೆಯ ಗುಳಿಗೆ, ಒಂದು ಗುಟುಕು ಕಾಯಿಸಿದ ನೀರು ಹಿಡಿದು ಹೋದೆ. ಅವ್ವ ತುಟಿ ಬಿಗಿದಳು. “ಇವತ್ತ ಚತುರ್ದಶಿ ಅಲ್ಲೇನ?” ಎಂದಳು. ಅಲ್ಲ ಎಂದರೆ ಮುಗಿಯುತ್ತದೆ. ಈಗ ತಿಥಿ ಅವಳಿಗೆ ತಾನಾಗಿ ತಿಳಿಯುವುದಿಲ್ಲ. ಕಾಕಾ ಹಾಗೇ ಹೇಳು ಎನ್ನುತ್ತಾನೆ. ನಾನು “ಹೌದು, ಚತುರ್ದಶಿ” ಎಂದೆ.

“ಹಂಗಾರ ತಗದ ಇಡು.”

“ಬಿಡುವು ಐತಿ ಬೇ. ಮಾತಾಜಿ ಕೊಟ್ಟಾರ.”

“ಯಾವಾಗ? ನಾ ಕೇಳಿಲ್ಲ. ಕೇಳಿದ್ರ ಎಲ್ಲಾರಿಗೂ ಗೊತ್ತಾಗ್ತೈತಿ.”

“ಗೊತ್ತಾಗೇತಿ. ನೀನs ಹೇಳಿದಿ.”

ಆಗ ಅವಳಿಗೆ ಅದು ಮೊದಲ ಸಲ ತಿಳಿಯುತ್ತದೆ. ಕೊಗನೊಳ್ಳಿಯ ಮೆಟ್ಟಿಲ ಮೇಲೆ ಅತ್ತ ಹಾಗೆಯೇ ಅಳುತ್ತಾಳೆ. ನಾನು ಪಕ್ಕ ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ: ಅಪ್ಪ, ಗುಳಿಗೆ, ಮಂಟಪ, ಕಾಕಾ ಬಸ್ಸಿನಲ್ಲಿ ಪಕ್ಕ ಕುಳಿತದ್ದು. ಅಲ್ಲಿಗೆ ಬಂದಾಗ ಸ್ವಲ್ಪ ಸಮಾಧಾನವಾಗುತ್ತಾಳೆ. ಎರಡು ತಾಸು ಬೇಕು. ಬಿಸಿಲು ಗೋಡೆಯ ಮೇಲೆ ಹತ್ತಿ, ಇನ್ನೇನು ಹೋಗುತ್ತದೆ ಎನ್ನುವಾಗ ಬಾಯಿ ತೆರೆಯುತ್ತಾಳೆ. ಬೆಳಗಿನ ಗುಳಿಗೆಗೂ ಇದೇ ಆಗಿರುತ್ತದೆ, ಸಂಜೆಗೆ ಮರೆತಿರುತ್ತಾಳೆ. ತಿಂಗಳಿಗೆ ನಾಲ್ಕು ದಿನ. ಹತ್ತು ನಿಮಿಷದ ಸುಳ್ಳು ಹೇಳದೆ ಎರಡು ತಾಸು ಕಳೆಯುವ ಹುಚ್ಚಿ ನಾನು. ಆದರೆ ಆ ಬಿಡುವು ಅವಳೇ ಕೇಳಿ ಪಡೆದದ್ದು. ಅದನ್ನು ಅವಳಿಂದ ಕದ್ದು ಅವಳಿಗೇ ಕೊಡಲಾರೆ.

ಒಳ್ಳೆಯ ಸುದ್ದಿಯೂ ಇದೆ. ಎಡಗಾಲು ಸ್ವಲ್ಪ ಎತ್ತುತ್ತಾಳೆ. ಸೋಮವಾರ ಒಂದು ರೊಟ್ಟಿ ಅಂಚು ಹರಿಯದೆ ಬಡಿದಳು, ಎರಡನೆಯದು ಹರಿಯಿತು. ಜನವರಿಯಲ್ಲಿ ಮತ್ತೆ ಬೆನ್ನಿನ ನೀರು ನೋಡುತ್ತಾರೆ.

ಇನ್ನು ನಿನ್ನ ಪ್ರಶ್ನೆ. ಹೂಂ ಎಂದು ಬರೆಯಲು ಮೂರು ದಿನ ಕುಳಿತೆ. ಅಕ್ಷರ ಬರೆದೆ, ಕಿವಿ ಬಿಸಿಯಾಯಿತು, ಹರಿದೆ. ನಿನ್ನ ದಾರಿ ತಪ್ಪು ಎನ್ನುವುದಿಲ್ಲ. ನಿನ್ನ ಮೇಲಿನ ಸಿಟ್ಟಿಗೂ ಅಲ್ಲ. ಸಿಟ್ಟು ಅರ್ಧ ಹೋಗಿದೆ. ನನಗೂ ಬಿಡುವು ಬೇಕು, ಅಷ್ಟೇ. ಕೇಳದೆ ಯಾರೂ ಕೊಡುವುದಿಲ್ಲ ಎಂಬುದು ಈ ವರ್ಷ ಕಲಿತ ಪಾಠ.

ನನ್ನ ಒಪ್ಪಿಗೆ ಇಲ್ಲ. ಈ ಡಿಸೆಂಬರಿಗೆ ಇಲ್ಲ. ಅವ್ವನ ಒಳಗಿನ ಅಂಕಿ ಇಳಿದ ಮೇಲೆ ಮತ್ತೆ ಕೇಳು.

ಬರುವ ಬುಧವಾರ ಅಷ್ಟಮಿ. ಬೆಳಗಿನ ಬಸ್ಸಿಗೆ ಬಾ. ಬೆಳಗಿನ ಗುಳಿಗೆ ನಾನು ಕೊಟ್ಟಿರುತ್ತೇನೆ; ಸಂಜೆಯದನ್ನು ನೀನು ನಾಲ್ಕಕ್ಕೆ ಶುರು ಮಾಡಿದರೆ ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ. ಮಂಟಪದಲ್ಲಿ ನೀನು ಎದ್ದು ನಿಂತದ್ದನ್ನು ಅವ್ವನಿಗೆ ನಾನು ಈವರೆಗೆ ಹೇಳಿಲ್ಲ. ಅದು ನೀನೇ ಹೇಳಬೇಕಾದ ಭಾಗ.

ಅದೇ ಬಸ್ಸು ನಿಪ್ಪಾಣಿಗೆ ಮರಳುವಾಗ ನಾನು ಅದರಲ್ಲಿರುತ್ತೇನೆ. ಗುರುವಾರ ಬರುತ್ತೇನೆ. ಬರುತ್ತೇನೆ ಎಂದರೆ ಬರುತ್ತೇನೆ, ನಿನಗೆ ಗೊತ್ತು.

ತ್ರಿಶಲಾ